ಭರಣಿಯ ಮುಚ್ಚಳ

"ಅತ್ತೆ, ಇದು ಯಾವ ದ್ರಾಕ್ಷಿದು? ಎಷ್ಟು ದಿನ ಕೆಡದೆ ಇರುತ್ತೆ? ಕುಡಿದ್ರೆ ದಪ್ಪ ಆಗ್ತಾರಾ?"

ಹೊಸ ಸೊಸೆ ಜೆಸಿಂತಾ ಹೀಗೆ ಕೇಳಿದಂದೇ ಸೆಲಿನಮ್ಮನಿಗೆ ಅನುಮಾನ ಹತ್ತಿತು. ಕ್ರಿಸ್‌ಮಸ್ಸಿಗೆಂದು ಸೋಸಿಟ್ಟ ವೈನಿನ ಮೇಲೆ ಹುಡುಗಿಯ ಕಣ್ಣು ಬಿದ್ದಿದೆ! ಹಬ್ಬದ ಪೂಜೆ ಮುಗಿಯುವ ತನಕ ಆ ಮನೆಯಲ್ಲಿ ಯಾರೂ ಅದನ್ನು ನಾಲಿಗೆಗೆ ಮುಟ್ಟಿಸುವಂತಿಲ್ಲ. ಅಂದಿನಿಂದ ದಿನಾ ಬೆಳಿಗ್ಗೆ ಭರಣಿಯ ಮುಚ್ಚಳ ತೆಗೆದು, ಕಡ್ಡಿ ಅದ್ದಿ ಅಳತೆ ನೋಡತೊಡಗಿದರು. ಹಬ್ಬದ ಮುನ್ನಾದಿನ ಅಳತೆ ಎರಡು ಬೆರಳು ಇಳಿದಿತ್ತು.

ಮರುದಿನ ನೆಂಟರೆಲ್ಲ, "ಇಂಥಾ ವೈನ್ ನೀವು ಯಾವತ್ತೂ ಮಾಡಿರಲಿಲ್ಲ" ಎಂದು ಹೊಗಳಿದರೂ ಸೆಲಿನಮ್ಮನಿಗೆ ಸಮಾಧಾನವಿಲ್ಲ. ಸೊಸೆಯನ್ನು ಅಡುಗೆಮನೆಗೆ ಎಳೆದೊಯ್ದರು.

"ನಿಜ ಹೇಳು, ಎಷ್ಟು ಕುಡಿದೆ?"

"ಒಂದೇ ಚಮಚ, ಅತ್ತೆ. ನೀವು ದಿನಾ ಮುಚ್ಚಳ ತೆಗೆದು, ಗಾಳಿ ತಾಗಿ ಹುಳಿಯಾಗಿತ್ತು. ಎಲ್ಲಾ ಚೆಲ್ಲಿ ಅಂಗಡೀದು ತುಂಬಿಸಿದೆ. ಆರೇ ಬಾಟ್ಲಿ ಸಿಕ್ಕಿದ್ದು."