ಗೆಲ್ಲುವ ಮೊದಲೇ ಹಾರಿದ ಭಂಡಾರ

ಅಂಗಳದ ತುಂಬ ಅರಿಶಿನದ ಪುಡಿ ಹಾರಿತು. ರೆಫರಿ ಸೀಟಿ ಊದಿ ಆಟ ನಿಲ್ಲಿಸಿದ. ಅಥಣಿಯ ಬಾಸ್ಕೆಟ್‌ಬಾಲ್ ತಂಡ ಆಗ ಹದಿಮೂರು ಪಾಯಿಂಟ್ ಹಿಂದಿತ್ತು. ಈ ಪಂದ್ಯ ಸೋತರೆ ಪ್ಲೇಆಫ್ ಆಸೆ ಅಲ್ಲಿಗೇ ಮುಗಿಯಿತು. ಅರ್ಧ ಜನ ಆಗಲೇ ಎದ್ದು ಕಿಸೆಯಲ್ಲಿ ಬೈಕಿನ ಕೀಲಿ ಹುಡುಕುತ್ತಿದ್ದರು.

ಎರಚಿದವಳು ಕ್ಯಾಪ್ಟನ್ ಮನಿಷಾಳ ತಾಯಿ ತಾರವ್ವ. ಗೆದ್ದ ಮೇಲೆ ಹಾರಿಸಲೆಂದು ಚಿಂಚಲಿಯ ದೇವಿ ಮಾಯವ್ವನ ಭಂಡಾರವನ್ನು, ಆ ಪೂಜೆಯ ಅರಿಶಿನವನ್ನು, ಪ್ರತಿ ಪಂದ್ಯಕ್ಕೂ ಸೆರಗಿನ ತುದಿಗೆ ಕಟ್ಟಿಕೊಂಡು ಬರುತ್ತಿದ್ದಳು. ಈ ವರ್ಷದ ಪಂದ್ಯಗಳಲ್ಲಿ ಅದು ಹೆಚ್ಚಾಗಿ ಗಂಟಿನಲ್ಲೇ ಮನೆಗೆ ಮರಳಿತ್ತು. ಮನಿಷಾಳನ್ನು ಹೊರಗೆ ಕರೆದು ಕೂರಿಸಲು ಎದ್ದಿದ್ದ ಕೋಚ್ ಹಾಲೇಶ ತಲೆಗೆ ಕೈ ಹಚ್ಚಿಕೊಂಡ. "ಏನ ಮಾಡಿದ್ರಿ ಅವ್ವಾರ! ಸೋಲಾಕತ್ತೇವಿ, ಕಾಣವಲ್ದೇನ್ರಿ? ಮುಂದಿನ ವರ್ಷಕ್ಕರ ಇಟ್ಕೋಬೇಕಿತ್ತು."

"ಮುಂದಿನ ವರ್ಷದ್ದು ಮುಂದಿನ ವರ್ಷ ತರ್ತೀನಿ," ತಾರವ್ವ ಖಾಲಿ ಸೆರಗು ಝಾಡಿಸಿ ಮಗಳತ್ತ ಕೈ ತೋರಿದಳು. "ಗೆದ್ದೇವಂತ ಮಾಯವ್ವನ ಮುಂದ ಹೇಳಿಬಿಟ್ಟೇನಿ. ಇನ್ನ ಗೆಲ್ಲೂದ ಇಕೀ ಕೆಲಸ."

ನೆಲ ಒರೆಸಿದರು. ಭಂಡಾರ ಎರಚಿದ್ದಕ್ಕೆ ರೆಫರಿ ಅಥಣಿಗೇ ಫೌಲ್ ಕೊಟ್ಟ. ಎದುರಾಳಿಗಳು ನಗುತ್ತಲೇ ಆ ಫೌಲ್‌ಗೆ ಸಿಕ್ಕ ಫ್ರೀ ಥ್ರೋದಲ್ಲಿ ಚೆಂಡನ್ನು ಬುಟ್ಟಿಗೆ ಹಾಕಿ ಇನ್ನೊಂದು ಪಾಯಿಂಟ್ ಕಿತ್ತುಕೊಂಡರು. ಮನಿಷಾ ಬಗ್ಗಿ, ಗೆರೆಯ ಮೇಲೆ ಉಳಿದಿದ್ದ ಹಳದಿಯನ್ನು ಬೆರಳಿನಿಂದ ಬಳಿದು ಹಣೆಗೆ ಹಚ್ಚಿಕೊಂಡಳು.

"ಕುಂದರ್ರಿ ಸರ್," ಎಂದಳು ಹಾಲೇಶನಿಗೆ. "ನಮ್ಮವ್ವ ಸುಳ್ಳ ಹೇಳಿದಾಂಗ ಆಗಬಾರದು." ಆಮೇಲೆ ತನ್ನ ತಂಡದವರತ್ತ ಕೈ ಚಾಚಿದಳು. "ಚೆಂಡ ಇತ್ತ ಒಗೀರಿ."