ಸಮುದ್ರಕ್ಕೆ ಇಳಿಯದವನು

ಯೋಗನರಸಿಂಹ ಇನ್ನೂ ನೀರಿಗಿಳಿದಿರಲಿಲ್ಲ. ಸಂಸ್ಕೃತದ ಮೇಷ್ಟ್ರು ಸೀತಾರಾಮಯ್ಯನವರು ತೆಂಗಿನ ನೆರಳಿನಲ್ಲಿ ಕೂತು ಅವನ ಮೇಲೆ ಕಣ್ಣಿಟ್ಟೇ ಇದ್ದರು.

ಐವತ್ತೆಂಟರ ಜನವರಿ. ಕೊಲಂಬೊ ಪಕ್ಕದ ಕಡಲತೀರ. ತುಮಕೂರಿನ ಕಾಲೇಜಿನಿಂದ ಸಿಲೋನ್ ಪ್ರವಾಸಕ್ಕೆ ಬಂದ ಹುಡುಗರಿಗೆ ಇವತ್ತು ಪೂರ್ತಿ ವಿಶ್ರಾಂತಿ. ಕೆರೆ ಬಿಟ್ಟರೆ ಬೇರೆ ನೀರು ಕಾಣದವರು ಅಲೆಗೆ ಎದೆಯೊಡ್ಡಿ ಕುಣಿಯುತ್ತಿದ್ದರು. ಇವನೊಬ್ಬ ಮಾತ್ರ ಒಣ ಮರಳಿನ ಮೇಲೆ ಚೀಲ ತಬ್ಬಿಕೊಂಡು ಕೂತಿದ್ದ. ಗಡ್ಡ ಬೇರೆ ಪೊದೆಯಾಗಿತ್ತು.

ಮೇಷ್ಟ್ರಿಗೆ ಆ ಚೀಲದ ಮೇಲೇ ಅನುಮಾನ. "ಯಾವನಾದ್ರೂ ಚಿನ್ನ ಗಿನ್ನ ತಂದು ಧನುಷ್ಕೋಟಿ ಕಸ್ಟಮ್ಸಲ್ಲಿ ಸಿಕ್ಕಿಬಿದ್ರೆ ಜವಾಬ್ದಾರಿ ನಿಮ್ದೇ" ಎಂದು ಪ್ರಿನ್ಸಿಪಾಲರು ಹೇಳಿಯೇ ಕಳಿಸಿದ್ದರು. ಊರು ಸೇರಿದ ವಾರಕ್ಕೆ ಮಗಳು ಕೌಸಲ್ಯಳ ನಿಶ್ಚಿತಾರ್ಥ. ಗುಬ್ಬಿಯ ದೊಡ್ಡ ಮನೆತನ. ಪೊಲೀಸು ಎಂಬ ಮಾತು ಕಿವಿಗೆ ಬಿದ್ದರೆ ಅವರು ತಿರುಗಿಯೂ ನೋಡುವುದಿಲ್ಲ.

ಆ ಹುಡುಗಿಗೋ ಮೊದಲೇ ಮೈ ಸರಿಯಿಲ್ಲ. ದಸರಾಕ್ಕೆಂದು ಹೋಗಿದ್ದ ಕುಣಿಗಲ್ಲಿನ ಸೋದರತ್ತೆ ಮನೆಯಿಂದ ಬಂದ ಮೇಲೆ ಊಟ ಸೇರುತ್ತಿಲ್ಲ. ಪಿತ್ತವೆಂದು ಅವಳ ತಾಯಿ ಕಷಾಯ ಕುಡಿಸುತ್ತಿದ್ದಾರೆ. ಮದುವೆ ಮಾತೆತ್ತಿದರೆ ಕಣ್ಣೀರು, ಹೆಣ್ಣುಮಕ್ಕಳಲ್ಲವೇ. ಹೊರಡುವ ದಿನ ಕೇಳಿದ್ದಳು, "ಅಪ್ಪ, ಅಲ್ಲಿ ಎಲ್ರೂ ಸಮುದ್ರಕ್ಕೆ ಇಳೀಲೇಬೇಕಾ?"

"ಹೆದರ್ಬೇಡ ಕಣೇ, ನಾನು ಇಳಿಯಲ್ಲ" ಎಂದಿದ್ದರು. ಅದಕ್ಕೂ ಅವಳ ಮುಖ ಗೆಲುವಾಗಲಿಲ್ಲ.

ಯೋಗನರಸಿಂಹ ಅಪರಿಚಿತನೇನಲ್ಲ. ಎರಡು ವರ್ಷ ಅವರ ಮನೆ ಜಗಲಿಯಲ್ಲೇ ಪಾಠ ಹೇಳಿಸಿಕೊಂಡವನು. ತಲೆ ಎತ್ತಿ ಮಾತಾಡಿದವನಲ್ಲ. ಆದರೆ ಪ್ರವಾಸಕ್ಕೆ ಬರುವುದಿಲ್ಲ ಎಂದು ಹಟ ಹಿಡಿದವನು, ನಿಶ್ಚಿತಾರ್ಥ ಗೊತ್ತಾಯಿತೆಂದು ಮೇಷ್ಟ್ರು ಸಿಹಿ ಹಂಚಿದ ದಿನ ಇದ್ದಕ್ಕಿದ್ದಂತೆ ಬರುತ್ತೇನೆಂದ. ಹಡಗಿನಲ್ಲಿ ಮತ್ತೆ ಮತ್ತೆ ಹತ್ತಿರ ಬಂದು "ಸಾರ್, ಒಂದು ವಿಷಯ" ಎಂದು ಶುರುಮಾಡಿ ಹಾಗೇ ವಾಪಸ್ಸು ಹೋದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ.

ಇನ್ನು ತಡೆಯಲಾಗಲಿಲ್ಲ. ಎದ್ದು ಹೋಗಿ ಅವನೆದುರು ನಿಂತರು.

"ಬಿಚ್ಚೋ ಚೀಲಾನ."

ಬಿಚ್ಚಿದ. ಟವಲು, ಪಂಚೆ, ಒಂದು ರೇಜರು. ಬ್ಲೇಡಿನ ಕಾಗದವನ್ನೂ ತೆಗೆದಿರಲಿಲ್ಲ. ಚಿನ್ನವೂ ಇಲ್ಲ, ಮಣ್ಣೂ ಇಲ್ಲ.

ಹೋದ ಜೀವ ಬಂದಂತಾಯಿತು. ಮೇಷ್ಟ್ರು ಜೋರಾಗಿ ನಕ್ಕು ಅವನ ಪಕ್ಕದಲ್ಲೇ ಕೂತರು. "ಏನೋ ಇದು? ರೇಜರ್ ಇಟ್ಕೊಂಡು ಕ್ಷೌರ ಇಲ್ಲ, ಸಮುದ್ರದ ಮುಂದೆ ಕೂತು ಸ್ನಾನ ಇಲ್ಲ. ಹೆಂಡ್ತಿ ಬಸುರಿಯಾಗಿದ್ರೆ ಹಾಗಿರ್ತಾರೆ ಕಣೋ, ಮಗೂಗೆ ಕೇಡು ಅಂತ."

ಹುಡುಗ ನಗಲಿಲ್ಲ. "ಆ ಶಾಸ್ತ್ರ ಹೇಳ್ಕೊಟ್ಟಿದ್ದು ನೀವೇ, ಸಾರ್."

ಮೇಷ್ಟ್ರು ಅವನನ್ನೇ ದಿಟ್ಟಿಸಿದರು. "ಕಳ್ಳ. ಮದುವೆ ಯಾವಾಗ ಮಾಡ್ಕೊಂಡ್ಯೋ?"

"ದಸರಾ ರಜದಲ್ಲಿ. ಹುಡುಗಿ ಮನೇಲಿ ಇನ್ನೂ ಗೊತ್ತಿಲ್ಲ."

"ಮಗಳು ಬಸುರಿ ಅನ್ನೋದೂ ತಿಳೀಲಿಲ್ವಾ? ಅವರಪ್ಪ ಎಂಥ ಮುಠ್ಠಾಳನೋ." ಸೀತಾರಾಮಯ್ಯನವರಿಗೆ ಕನಿಕರ ಉಕ್ಕಿತು. ಬೆನ್ನು ತಟ್ಟಿದರು. "ಹೋಗಿ ಕಾಲಿಗೆ ಬೀಳು. ಬೈತಾನೆ, ಎರಡೇಟು ಹಾಕ್ತಾನೆ. ಮೊಮ್ಮಗು ಬರೋ ಹೊತ್ತಲ್ಲಿ ಎಷ್ಟು ದಿನ ಮುನಿಸ್ಕೋತಾನೆ? ಕ್ಷಮಿಸಲೇಬೇಕು ಕಣೋ."

ಯೋಗನರಸಿಂಹ ಎದ್ದ. ಮೈಗಂಟಿದ ಮರಳನ್ನೂ ಕೊಡವದೆ ಮೇಷ್ಟ್ರ ಕಾಲಿಗೆ ಉದ್ದಕ್ಕೆ ಅಡ್ಡಬಿದ್ದ.

"ತಪ್ಪಾಯ್ತು, ಮಾವ" ಎಂದ.