ಅಪ್ಪನ ಇಟಲಿ ಬೈಕು

ಪೆಟ್ರೋಲ್ ವಾಸನೆ ಬಂದರೆ ಇವತ್ತಿಗೂ ನನಗೆ ಅಜ್ಜಂಪುರದ ನಮ್ಮ ಮನೆಯಂಗಳದ ಒಂದು ಮಧ್ಯಾಹ್ನ ನೆನಪಾಗುತ್ತದೆ. ಟಾರು ರಸ್ತೆಗೂ ಹೊಲದ ದಾರಿಗೂ ಸೈ ಎನಿಸಿದ್ದ ಇಟಲಿಯ ಹಳೇ ಬೈಕು ಅಪ್ಪನದು. ಸುತ್ತಮುತ್ತ ಅಂಥದ್ದು ಇನ್ನೊಂದಿರಲಿಲ್ಲ. ಸ್ಪೇರ್ ಸಿಗುವುದಿಲ್ಲವೆಂದು ಕಡೂರಿನ ಒಬ್ಬರಿಗೆ ಮಾರಲು ಒಪ್ಪಿದ್ದರು.

ಆ ಮಧ್ಯಾಹ್ನ ಬೈಕು ಒಯ್ಯಲು ಬಂದಿದ್ದ ಅವರೆದುರು ಅಪ್ಪ ಎಷ್ಟು ಕಿಕ್ ಹೊಡೆದರೂ ಬೈಕು ಸ್ಟಾರ್ಟ್ ಆಗಲಿಲ್ಲ. ಬಗ್ಗಿ ನೋಡಿದರೆ ಪ್ಲಗ್ಗಿನ ವೈರು ಕಳಚಿತ್ತು. ಬಾಗಿಲಲ್ಲಿ ಅವ್ವ ಕಪ್ಪಾದ ಬೆರಳನ್ನು ಸೆರಗಿಗೆ ಒರೆಸಿಕೊಳ್ಳುತ್ತಿದ್ದಳು. ಅಪ್ಪ ಅವಳನ್ನೇ ಒಂದು ಗಳಿಗೆ ನೋಡಿದರು.

"ಯಾಕೋ ಕೆಟ್ಟೋಗೈತೆ ಕಣ್ರೀ, ನಿಮ್ಗೆ ಬ್ಯಾಡ ಬಿಡಿ" ಎಂದರು.

ಬಂದವರು ಬಸ್ಸು ಹಿಡಿಯಲು ಹೊರಟ ಮೇಲೆ ಅಪ್ಪ ವೈರು ಸಿಕ್ಕಿಸುತ್ತಾ, "ದಿನಾ ಇದನ್ನ ಬೈತಿದ್ದೆಯಲ್ಲೇ?" ಎಂದರು.

ಅವ್ವ ಒಳಗೆ ತಿರುಗಿದಳು. "ಅದ್ರ ಸದ್ದು ಕೇಳ್ದಿದ್ರೆ, ನೀವು ಊರೊಳಕ್ಕೆ ಬಂದ್ರಿ ಅಂತ ನಂಗೆ ಹೆಂಗ್ ಗೊತ್ತಾಗ್ಬೇಕು?"